ಗೋಡೆ ಮೇಲಿನ ಪೆನ್ಸಿಲ್ ಗೆರೆ

ಸ್ತನ ಕ್ಯಾನ್ಸರ್ ಆಪರೇಷನ್ ಆದವರು ನೋವಿಗೆ ಹೆದರಿ ಆ ಕಡೆಯ ಕೈಯನ್ನು ಸುಮ್ನೆ ಮಡಚಿ ಇಟ್ಟುಕೊಳ್ಳಬೇಡಿ. ಭುಜ ಹಿಡಿದುಕೊಂಡುಬಿಡುತ್ತದೆ. ನನಗೆ ಬಿಎಂಟಿಸಿ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲೂ ಆಗುತ್ತಿರಲಿಲ್ಲ.

ಗಾಯದ ನೀರು ಹೊರಹೋಗಲು ಹಾಕಿದ ಡ್ರೈನ್ ಪೈಪ್ ತೆಗೆದ ಮೇಲೆ ಡಾಕ್ಟರನ್ನು ಕೇಳಿಕೊಂಡೇ ಈ ವ್ಯಾಯಾಮ ಶುರು ಮಾಡಿ. ಗೋಡೆಗೆ ಮುಖ ಮಾಡಿ ನಿಂತು, ಇರುವೆ ಹತ್ತಿದ ಹಾಗೆ ಬೆರಳುಗಳನ್ನು ಮೆಲ್ಲಗೆ ಮೇಲಕ್ಕೆ ನಡೆಸಿ. ಎಳೆತ ಗೊತ್ತಾದಲ್ಲಿ ನಿಲ್ಲಿಸಿ, ಐದು ಎಣಿಸಿ, ಹಾಗೇ ಇಳಿಸಿ. ಚುಚ್ಚಿದಂತೆ ನೋವಾದರೆ ಮುಂದುವರಿಸಬೇಡಿ. ನಾನು ಅಡುಗೆಮನೆ ಬಾಗಿಲ ಪಕ್ಕ ಪೆನ್ಸಿಲ್ ಗೆರೆ ಹಾಕುತ್ತಿದ್ದೆ. ಮೊದಲ ಗೆರೆ ಸ್ವಿಚ್ ಬೋರ್ಡ್ ಮಟ್ಟಕ್ಕಿತ್ತು. ಎರಡು ತಿಂಗಳಿಗೆ ಕ್ಯಾಲೆಂಡರ್ ಮೊಳೆ ಮುಟ್ಟಿದೆ!

ರೇಡಿಯೇಷನ್ ಮುಗಿದ ಮೇಲೂ ಬಿಡಬೇಡಿ, ಬಿಗಿತ ತಿಂಗಳುಗಳ ನಂತರವೂ ಬರಬಹುದು. ಆಪರೇಷನ್ ಆದ ಕಡೆಯ ಕೈಯ ಬಳೆ ಬಿಗಿಯಾಯಿತು ಅನ್ನಿಸಿದರೆ ಅದು ಊತ ಇರಬಹುದು, ತಡ ಮಾಡದೆ ತೋರಿಸಿ.