ಮನೆಯಲ್ಲೇ ಮಕ್ಕಳ ಪಾಠ, ಮನೆಗೆಲಸ, ತಾಯಿಯ ಕೈಕೆಲಸ: ಹೊಂದಿಸಿಕೊಳ್ಳುವ ಬಗೆ

ಮಕ್ಕಳನ್ನು ಮನೆಯಲ್ಲಿಯೇ ಓದಿಸುತ್ತಿದ್ದೇನೆ ಎಂದು ತಿಳಿದ ಕೂಡಲೇ ಬೇರೆ ತಾಯಂದಿರು ನನ್ನನ್ನು ಕೇಳುವುದು ಒಂದೇ ಮಾತು: ಅಡುಗೆ, ಮನೆಗೆಲಸ, ಪಾಠ ಎಲ್ಲವೂ ಮುಗಿದ ಮೇಲೆ ನಿಮಗೆಂದು ಹೊತ್ತು ಉಳಿಯುತ್ತದೆಯೇ? ಎಲ್ಲವೂ ಮುಗಿದ ಮೇಲೆ ಏನೂ ಉಳಿಯುವುದಿಲ್ಲ, ಏಕೆಂದರೆ ಚಿಕ್ಕ ಮಕ್ಕಳಿರುವ ಮನೆಯಲ್ಲಿ ಎಲ್ಲವೂ ಮುಗಿಯುವ ಹೊತ್ತು ಎಂಬುದೇ ಬರುವುದಿಲ್ಲ. ಆದ್ದರಿಂದ ತಾಯಿ ತನ್ನ ಸ್ವಂತ ಕೆಲಸವನ್ನು ದಿನದ ಕೊನೆಗೆ ತಳ್ಳದೆ ಅದಕ್ಕೆ ಮೊದಲೇ ಜಾಗ ಗೊತ್ತುಮಾಡಿ, ಉಳಿದುದನ್ನು ಅದರ ಸುತ್ತ ಜೋಡಿಸಬೇಕು ಎಂಬುದು ನನ್ನ ಅನುಭವ. ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ, ಅತ್ತೆಯವರು ಮತ್ತು ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುವ ಪತಿ ಇರುವ ಧಾರವಾಡದ ನಮ್ಮ ಮನೆಯಲ್ಲಿ, ಕಸೂತಿಯನ್ನು ಕೈಬಿಡದೆ ಈ ಮೂರು ವರ್ಷ ನಡೆಸಿಕೊಂಡು ಬಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾನೂನು, ಮನೆಯವರ ಒಪ್ಪಿಗೆ

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟಿರುವ ಈ ಕಾಯ್ದೆಯ 10ನೆಯ ಸೆಕ್ಷನ್, ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎನ್ನುತ್ತದೆ. ಸೇರಿಸದ ಪಾಲಕರಿಗೆ ದಂಡನೆಯನ್ನು ಅದು ಹೇಳಿಲ್ಲ. ಮನೆಶಿಕ್ಷಣವನ್ನು ನೋಂದಾಯಿಸಿಕೊಳ್ಳುವ ವ್ಯವಸ್ಥೆಯನ್ನೂ ಮಾಡಿಲ್ಲ. ಈ ಸ್ಥಿತಿಯನ್ನು ಗಂಡ ಹೆಂಡತಿ ಇಬ್ಬರೂ ಚೆನ್ನಾಗಿ ಅರಿತುಕೊಂಡೇ ತೀರ್ಮಾನಕ್ಕೆ ಬರಬೇಕು. ಮುಂದೆ ಶಾಲೆಗೆ ಕಳುಹಿಸಬೇಕೆನಿಸಿದರೆ, ಅದೇ ಕಾಯ್ದೆಯ 4ನೆಯ ಸೆಕ್ಷನ್ ಪ್ರಕಾರ ಮಗುವಿಗೆ ತನ್ನ ವಯಸ್ಸಿಗೆ ತಕ್ಕ ತರಗತಿಯಲ್ಲಿ ಪ್ರವೇಶ ಪಡೆಯುವ ಹಕ್ಕಿದೆ. ಮನೆಯಲ್ಲೇ ಮುಂದುವರಿದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು ಕ್ರಮವಾಗಿ 3, 5 ಮತ್ತು 8ನೆಯ ತರಗತಿಗಳಿಗೆ ಸಮ. 14 ವರ್ಷ ತುಂಬಿದ ಮಕ್ಕಳು ಅದರ ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆಗೆ ಹೆಸರು ನೋಂದಾಯಿಸಬಹುದು.

ಮನೆಯ ಹಿರಿಯರ ಆತಂಕಕ್ಕೆ ಈ ವಿವರಗಳೇ ಅರ್ಧ ಸಮಾಧಾನ. ಉಳಿದರ್ಧ ಸಮಾಧಾನ ಮಗು ಓದುವುದನ್ನು ಕಣ್ಣಾರೆ ನೋಡಿದಾಗ ಬರುತ್ತದೆ. ನಮ್ಮ ಅತ್ತೆಯವರು ಮೊದಲ ಆರು ತಿಂಗಳು ಬೀದಿಯವರು ಕೇಳಿದರೆ ಏನು ಹೇಳಬೇಕೆಂದು ಸಂಕಟಪಟ್ಟರು. ಮೊಮ್ಮಗಳು ಅವರ ಪಂಚಾಂಗದಲ್ಲಿ ವಾರದ ಹೆಸರನ್ನು ತಾನೇ ಕೂಡಿಸಿ ಓದಿದ ದಿನದಿಂದ ಆ ಮಾತು ನಿಂತಿತು.

ದಿನದ ಗೂಟಗಳು

ವೇಳಾಪಟ್ಟಿ ಬರೆಯುವ ಮೊದಲು ಒಂದು ವಾರ ಏನನ್ನೂ ಬದಲಿಸದೆ, ಮನೆಯಲ್ಲಿ ಯಾವ ಹೊತ್ತಿಗೆ ಏನು ನಡೆಯುತ್ತದೆ ಎಂಬುದನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಕ್ಕಳು ತಾವಾಗಿ ಏಳುವ ಹೊತ್ತು, ಅವರಿಗೆ ಹಸಿವಾಗಿ ರಗಳೆ ಶುರುವಾಗುವ ಹೊತ್ತು, ಯಾರೂ ಕರೆಯದೆ ಇಬ್ಬರೂ ಕೂಡಿ ಆಡಿಕೊಂಡಿರುವ ಹೊತ್ತು, ನಿಮ್ಮ ಮೈ ದಣಿಯುವ ಹೊತ್ತು, ಇವು ನಾಲ್ಕೂ ತಪ್ಪದೆ ಅದರಲ್ಲಿರಲಿ. ಈ ಕೆಲಸವನ್ನು ಬಿಟ್ಟು ನೇರವಾಗಿ ಪಟ್ಟಿ ಮಾಡಿದ್ದರಿಂದ ನನ್ನ ಮೊದಲ ವರ್ಷದ ನಾಲ್ಕು ತಿಂಗಳು ಹಾಳಾದವು. ಹತ್ತರಿಂದ ಒಂದರವರೆಗೆ ಶಾಲೆಯಂತೆ ನಲವತ್ತು ನಿಮಿಷದ ಅವಧಿಗಳನ್ನು ಇಟ್ಟಿದ್ದೆ. ಹನ್ನೊಂದಾಗುವಷ್ಟರಲ್ಲಿ ಮಗಳು ಅಳುತ್ತಿದ್ದಳು, ಮಗ ಒಲೆಯ ಹತ್ತಿರ ಹೋಗುತ್ತಿದ್ದ, ಪಲ್ಯ ಸೀಯುತ್ತಿತ್ತು. ಆ ನಾಲ್ಕು ತಿಂಗಳಲ್ಲಿ ನಾನು ಒಂದು ಗೇಣು ಕಸೂತಿಯನ್ನೂ ತೆಗೆಯಲಿಲ್ಲ.

ಒಂದು ವಾರದ ಟಿಪ್ಪಣಿಯಿಂದ ನಿಮ್ಮ ಮನೆಯ ಗೂಟಗಳು ಕಾಣುತ್ತವೆ. ಗೂಟ ಎಂದರೆ ಏನೇ ಆದರೂ ಅಲುಗದ ಕೆಲಸ. ನಮ್ಮಲ್ಲಿ ಅವು ಮೂರು: ಬೆಳಗಿನ ರೊಟ್ಟಿ, ಮಧ್ಯಾಹ್ನದ ಊಟದ ನಂತರ ಮಗನ ನಿದ್ದೆ, ಸಂಜೆ ಪತಿ ಮನೆಗೆ ಬರುವುದು. ಪಾಠಕ್ಕೆ ಗಡಿಯಾರದ ಹೊತ್ತು ಗೊತ್ತುಮಾಡದೆ "ರೊಟ್ಟಿ ಆದ ಮೇಲೆ", "ನಿದ್ದೆಗೆ ಮುಂಚೆ" ಎಂದು ಗೂಟಕ್ಕೆ ಕಟ್ಟಿದರೆ, ಒಂದು ದಿನ ಅರ್ಧ ಗಂಟೆ ತಡವಾದರೂ ಕ್ರಮ ಕೆಡುವುದಿಲ್ಲ. ಗಡಿಯಾರ ನೋಡಲು ಬಾರದ ಮಗುವಿಗೂ ಮುಂದೇನೆಂಬುದು ಗೊತ್ತಿರುತ್ತದೆ. ನಾಲ್ಕನೆಯದೊಂದು ಗೂಟ ಪ್ರತಿದಿನ ಬರುವುದಿಲ್ಲ, ಆದರೆ ಬಂದ ದಿನ ಉಳಿದೆಲ್ಲವನ್ನೂ ಸರಿಸಿಬಿಡುತ್ತದೆ: ನಳದ ನೀರು ಬರುವ ದಿನ. ಆ ದಿನ ಪಾಠವಿಲ್ಲ ಎಂದು ಮೊದಲೇ ಗೊತ್ತುಮಾಡಿರುವುದರಿಂದ ಯಾರಿಗೂ ಬೇಸರವಿಲ್ಲ. ಕೊಡಕ್ಕೆ ಎಷ್ಟು ತಂಬಿಗೆ ನೀರು ಹಿಡಿಯುತ್ತದೆ ಎಂದು ಮಗಳು ಎಣಿಸುತ್ತಾಳೆ, ಮಗ ಚಿಕ್ಕ ಚೊಂಬಿನಿಂದ ತುಳಸಿಗೆ ಹಾಕುತ್ತಾನೆ.

ಪಾಠ ಎಷ್ಟು, ಹೇಗೆ

ಏಳು ವರ್ಷದ ಮಗುವಿಗೆ ಕೂತು ಮಾಡುವ ಪಾಠ ದಿನಕ್ಕೆ ಒಂದು ಗಂಟೆಯಿಂದ ಒಂದೂವರೆ ಗಂಟೆ ಸಾಕು, ಅದೂ ಎರಡು ತುಂಡಾಗಿ. ನಾಲ್ಕು ವರ್ಷದ ಮಗುವಿಗೆ ಕೂತ ಪಾಠವೇ ಬೇಡ. ಇದನ್ನು ಧೈರ್ಯವಾಗಿ ಹೇಳುತ್ತೇನೆ, ಏಕೆಂದರೆ ಮೂವತ್ತು ನಲವತ್ತು ಮಕ್ಕಳ ತರಗತಿಯಲ್ಲಿ ಅರ್ಧ ದಿನ ಹಿಡಿಯುವ ಕೆಲಸ, ತಾಯಿ ಮತ್ತು ಮಗು ಎದುರುಬದುರು ಕುಳಿತಾಗ ಬೇಗ ಮುಗಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 3ರಿಂದ 8 ವರ್ಷದವರೆಗಿನ ವಯಸ್ಸನ್ನು ಒಂದೇ ಬುನಾದಿ ಹಂತವೆಂದು ಎಣಿಸಿ, ಆ ಹಂತದ ಕಲಿಕೆ ಆಟ ಮತ್ತು ಚಟುವಟಿಕೆಯ ಮೂಲಕ ಸಾಗಬೇಕು ಎನ್ನುತ್ತದೆ.

ಕನ್ನಡ ಕಲಿಸುವುದಕ್ಕೆ ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿಯನ್ನು ಮೆಚ್ಚಿ ಅನುಸರಿಸಿದ್ದೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶಿಕ್ಷಕರೇ ಆರಂಭಿಸಿದ ಈ ಪದ್ಧತಿಯಲ್ಲಿ ಒಂದೇ ಕೋಣೆಯಲ್ಲಿ ಬೇರೆ ಬೇರೆ ಮಟ್ಟದ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ಮೆಟ್ಟಿಲನ್ನು ತಾವೇ ಏರುತ್ತಾರೆ. ವಯಸ್ಸಿನಲ್ಲಿ ಅಂತರವಿರುವ ಎರಡು ಮಕ್ಕಳ ಮನೆಗೆ ಇದಕ್ಕಿಂತ ಒಪ್ಪುವುದು ಬೇರೊಂದಿಲ್ಲ. ಅಕ್ಷರವನ್ನು ಅ, ಆ, ಇ, ಈ ಕ್ರಮದಲ್ಲಿ ಶುರುಮಾಡದೆ ರ, ಗ, ಸ, ದ, ಅ ಎಂದು ಶುರುಮಾಡಿ. ಈ ಐದನ್ನು ಕಲಿತ ಮಗು ಅದೇ ವಾರ ಸರ, ರಸ, ಅರಸ, ಅಗಸ, ಗರಗಸ ಎಂದು ಓದುತ್ತದೆ. ನಂತರ ಜ, ವ, ಮ, ಬ, ನ ಸೇರಿದರೆ ಮರ, ದನ, ನಗರ, ಬಸವ ಕೈಗೆ ಬರುತ್ತವೆ. ನಾನು ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯನ್ನು ಕತ್ತರಿಸಿ ಕಾರ್ಡು ಮಾಡಿದೆ. ಗರಗಸ ಎಂದು ಕೂಡಿಸಿ ಓದಿದ ಮಗಳು ಎದುರು ಮನೆಯ ಬಡಿಗೇರ ಅಜ್ಜನ ಅಂಗಡಿಗೆ ಓಡಿ, ಗೋಡೆಗೆ ತೂಗುಹಾಕಿದ್ದ ಗರಗಸದ ಕೆಳಗೆ ಆ ಕಾರ್ಡನ್ನು ಅಂಟಿಸಿ ಬಂದಳು. ಅದು ಇಂದಿಗೂ ಅಲ್ಲಿಯೇ ಇದೆ.

ಪಾಠಕ್ಕೆ ಕೂರುವ ಮುನ್ನ ಚಿಕ್ಕವನಿಗೆ ಹತ್ತು ನಿಮಿಷ ಕೊಡಿ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಕಥೆ ಓದಿ, ಅವನು ಕೇಳಿದಷ್ಟಕ್ಕೆ ಉತ್ತರ ಹೇಳಿ, ಆಮೇಲೆ ಕೈಗೆ ಹುಣಸೆಬೀಜದ ಡಬ್ಬಿಯನ್ನೋ ಮಣ್ಣಿನ ಉಂಡೆಯನ್ನೋ ಕೊಟ್ಟರೆ ಅಕ್ಕನ ಪಾಠಕ್ಕೆ ಇಪ್ಪತ್ತೈದು ನಿಮಿಷ ನಿರಾತಂಕವಾಗಿ ಸಿಗುತ್ತದೆ. "ಇರು, ಅಕ್ಕನದು ಮುಗಿಯಲಿ" ಎಂದು ಅವನನ್ನು ಕಾಯಿಸಿದ ದಿನಗಳಲ್ಲಿ ನನಗೆ ಐದು ನಿಮಿಷವೂ ಸಿಕ್ಕಿಲ್ಲ. ಕಥೆಗಳಿಗಾಗಿ ಪ್ರಥಮ್ ಬುಕ್ಸ್ 2015ರಿಂದ ನಡೆಸುತ್ತಿರುವ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ದೊರೆಯುತ್ತವೆ. ಮುದ್ರಿಸಿ ಹೊಲಿದುಕೊಂಡರೆ ಪರದೆಯ ಹಂಗೂ ಇರುವುದಿಲ್ಲ.

ಗಣಿತವನ್ನು ಬಹುಪಾಲು ಅತ್ತೆಯವರು ನೋಡಿಕೊಳ್ಳುತ್ತಾರೆ, ಚೌಕಾಬಾರದ ಮನೆಯಲ್ಲಿ. ನಾಲ್ಕು ಕವಡೆ ಹಾಕಿದಾಗ ಮೇಲ್ಮುಖವಾಗಿ ಬಿದ್ದವು ಎಷ್ಟು, ಬೋರಲಾಗಿ ಬಿದ್ದವು ಎಷ್ಟು, ಎದುರಾಳಿಯ ಕಾಯಿ ಹೊಡೆಯಲು ಇನ್ನೆಷ್ಟು ಬೇಕು, ಐದೈದರ ಇಪ್ಪತ್ತೈದು ಮನೆಗಳಲ್ಲಿ ದಾಟಿದ್ದು ಎಷ್ಟು, ಉಳಿದದ್ದು ಎಷ್ಟು ಎಂಬ ಲೆಕ್ಕ ಮಗುವಿನ ಬಾಯಲ್ಲಿ ತಾನಾಗಿ ಬರುತ್ತದೆ. ಕೂಡುವ ಕಳೆಯುವ ಲೆಕ್ಕವನ್ನು ಪುಸ್ತಕದಲ್ಲಿ ಬರೆಸುವುದು ಇದಾದ ಮೇಲಿನ ಮಾತು.

ಅಡುಗೆಮನೆಯನ್ನು ಪಾಠದ ಜಾಗವಾಗಿ ಬಳಸಿಕೊಂಡರೆ ಹೊತ್ತು ಉಳಿಯುತ್ತದೆ ಎಂದು ಹೇಳುವವರಿದ್ದಾರೆ. ಹೊತ್ತು ಉಳಿಯುವುದಿಲ್ಲ, ಮಗು ಕೈಜೋಡಿಸಿದ ಕೆಲಸಕ್ಕೆ ಮೊದಮೊದಲು ಎರಡರಷ್ಟು ಹೊತ್ತು ಬೇಕು. ಆದರೂ ಮಾಡಿಸಬೇಕು, ಏಕೆಂದರೆ ಎರಡು ವರ್ಷದ ನಂತರ ಆ ಹೊತ್ತು ನಿಮಗೆ ಹಿಂದಿರುಗಿ ಬರುತ್ತದೆ. ನಾನು ಎಸರಿಗೆ ಹಿಟ್ಟು ಹಾಕಿ ನಾದಿ ರೊಟ್ಟಿ ಬಡಿಯುವಾಗ ಮಗಳು ಬಾಗಿಲ ಬಳಿ ಕುಳಿತು ಗಟ್ಟಿಯಾಗಿ ಓದುತ್ತಾಳೆ. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿ ಮಗುಚುವಷ್ಟರಲ್ಲಿ ಒಂದು ವಾಕ್ಯ ಮುಗಿಯಬೇಕೆಂಬುದು ಅವಳೇ ಮಾಡಿಕೊಂಡ ನಿಯಮ. ಶೇಂಗಾ ಸುಲಿಯುವುದು, ಸೊಪ್ಪು ಬಿಡಿಸುವುದು, ತಟ್ಟೆ ಎಣಿಸಿ ಹಾಕುವುದು ಮಗನ ಪಾಲು. ಒಲೆ, ಈಳಿಗೆಮಣೆ, ಬಿಸಿನೀರು ಇವು ಮೂರೂ ಇಬ್ಬರಿಗೂ ನಿಷಿದ್ಧ.

ತಾಯಿಯ ಕೆಲಸ

ನಿಮ್ಮ ಕೆಲಸ ಯಾವುದೇ ಇರಲಿ, ಅದನ್ನು ಎರಡು ಬಗೆಯಾಗಿ ವಿಂಗಡಿಸಿಕೊಳ್ಳಿ: ಮನಸ್ಸು ಕದಲಿದರೆ ಕೆಡುವ ಭಾಗ, ಮಾತನಾಡುತ್ತಲೂ ಮಾಡಬಹುದಾದ ಭಾಗ. ಕಸೂತಿಯಿಂದಲೇ ಹೇಳುತ್ತೇನೆ. ಕಸೂತಿಗೆ ಬಟ್ಟೆಯ ಎಳೆಗಳನ್ನು ಎಣಿಸಿಯೇ ಹೊಲಿಗೆ ಹಾಕಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಗಾವಂತಿ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದರಂತೆ ಸಾಗಿ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತ ಬರುವುದರಿಂದ ಬಟ್ಟೆಯ ಎರಡೂ ಬದಿ ಒಂದೇ ಬಗೆಯಾಗಿ ಕಾಣುತ್ತದೆ. ಸಾಗುವ ದಾರಿಯ ನಡುವೆ "ಅವ್ವಾ" ಎಂದು ಕರೆ ಬಂದು ಎದ್ದರೆ, ಮರಳಿ ಬಂದಾಗ ಚಿತ್ತಾರದ ಯಾವ ಕೊಂಬೆ ಮುಗಿದಿತ್ತು, ಯಾವುದು ಬಾಕಿಯಿತ್ತು ಎಂಬುದು ತಪ್ಪುತ್ತದೆ. ಒಂದು ಎಳೆ ತಪ್ಪಿದರೆ ಗೋಪುರವೇ ವಾಲುತ್ತದೆ, ಬಿಚ್ಚುವುದು ಬಿಟ್ಟು ಬೇರೆ ದಾರಿಯಿಲ್ಲ. ಆದುದರಿಂದ ಗಾವಂತಿ, ಮುರ್ಗಿ, ನೇಗಿ ಹೊಲಿಗೆಗಳನ್ನು ಬೆಳಿಗ್ಗೆ ಐದೂವರೆಯಿಂದ ಆರೂವರೆಯೊಳಗೆ, ಮನೆ ಏಳುವ ಮುನ್ನ ಮಾಡುತ್ತೇನೆ. ಮೆಂತೆಕಾಳಿನಂತೆ ಗುಣಿಸುಗುರುತಾಗಿ ಬೀಳುವ ಮೆಂತೆ ಹೊಲಿಗೆಯನ್ನು, ತುಂಬಬೇಕಾದ ಚೌಕಗಳನ್ನು ಮೊದಲೇ ಗುರುತಿಸಿಟ್ಟುಕೊಂಡು, ಮಧ್ಯಾಹ್ನ ಮಕ್ಕಳ ಪಕ್ಕದಲ್ಲಿ ಕುಳಿತು ಹಾಕುತ್ತೇನೆ. ಬರೆಯುವವರಿಗೆ ಕರಡು ಬರೆಯುವುದು ಮೊದಲ ಬಗೆ, ತಿದ್ದಿ ನಕಲು ಮಾಡುವುದು ಎರಡನೆಯದು. ಸಂಗೀತ ಕಲಿಯುವವರಿಗೆ ಹೊಸ ಪಾಠ ಮೊದಲನೆಯದು, ಸರಳೆ ವರಸೆಯ ಅಭ್ಯಾಸ ಎರಡನೆಯದು.

ಬೆಳಗಿನ ಒಂದು ಗಂಟೆ ಎಲ್ಲರಿಗೂ ಒಗ್ಗುವುದಿಲ್ಲ. ರಾತ್ರಿ ಹಾಲೂಡಿಸಲು ಏಳುವ ತಾಯಿ ಆ ಹೊತ್ತಿನಲ್ಲಿ ಮಲಗಲೇಬೇಕು. ಅವಳಿಗೆ ಸಂಜೆಯ ಒಂದು ಗಂಟೆಯನ್ನು ಪತಿ ಬಿಡಿಸಿಕೊಡಬೇಕು. "ಸಹಾಯ ಮಾಡಿ" ಎಂದರೆ ಏನೂ ಗೊತ್ತಾಗುವುದಿಲ್ಲ. ಏಳರಿಂದ ಎಂಟೂವರೆಯವರೆಗೆ ಮಕ್ಕಳ ಊಟ, ಹಲ್ಲುಜ್ಜಿಸುವುದು, ಮಲಗುವಾಗಿನ ಕಥೆ ಇವು ಅಪ್ಪನವು ಎಂದು ಹೆಸರು ಹೇಳಿ ಹಂಚಿಕೊಳ್ಳಬೇಕು. ಹಂಚಿದ ಮೇಲೆ ಅವರು ಮಾಡುವ ರೀತಿಯಲ್ಲಿ ಕೈಹಾಕಬಾರದು. ಇದು ನನಗೆ ಕಷ್ಟವಾಗಿತ್ತು, ಆದರೆ ಇಂದು ಮಗನಿಗೆ ಅಪ್ಪ ಹೇಳುವ ಕಥೆಯಿಲ್ಲದೆ ನಿದ್ದೆ ಹತ್ತುವುದಿಲ್ಲ. ಕಸೂತಿಯಿಂದ ನಾಲ್ಕು ಕಾಸು ಬರುತ್ತದೆಯೋ ಇಲ್ಲವೋ ಎಂಬುದರ ಮೇಲೆ ಈ ಗಂಟೆಯ ಬೆಲೆಯನ್ನು ಕಟ್ಟಬಾರದು ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು, ನೀವೂ ಮಾತಾಡಿಕೊಳ್ಳಿ.

ಕೆಟ್ಟ ದಿನಗಳು, ಹೊರಗಿನ ನಂಟು

ಜ್ವರ, ನೆಂಟರು, ಶ್ರಾವಣದ ಹಬ್ಬಗಳ ಸಾಲು ಬಂದಾಗ ಪೂರ್ತಿ ಕ್ರಮ ನಡೆಯುವುದಿಲ್ಲ. ಅಂಥ ದಿನಕ್ಕೆಂದು ಚಿಕ್ಕದೊಂದು ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಡಿ. ನಮ್ಮದರಲ್ಲಿ ಇರುವುದು ಮೂರೇ ಸಾಲು: ಮಕ್ಕಳಿಗೆ ಒಂದು ಕಥೆ, ಮಗಳಿಗೆ ಒಂದು ಪುಟ, ನನಗೆ ಒಂದು ಸೂಜಿ ದಾರ. ಒಂದು ಸೂಜಿ ದಾರ ಎಂದರೆ ಸೂಜಿಗೆ ಒಮ್ಮೆ ಪೋಣಿಸಿದ ದಾರ ಮುಗಿಯುವವರೆಗೆ.

ಮನೆಯಲ್ಲಿ ಕಲಿಯುವ ಮಕ್ಕಳಿಗೆ ಜೊತೆಗಾರರು ಬೇಕೇ ಬೇಕು, ಇದನ್ನು ಲಘುವಾಗಿ ಎಣಿಸಬೇಡಿ. ಶಾಲೆ ಬಿಟ್ಟ ಮೇಲೆ ಓಣಿಯ ಮಕ್ಕಳು ಆಡಲು ಬರುವ ಸಂಜೆಯ ಎರಡು ಗಂಟೆಯಲ್ಲಿ ಯಾವ ಪಾಠವನ್ನೂ ಇಡಬಾರದು. ಶನಿವಾರ ಸಾಧನಕೇರಿ ಕೆರೆಯ ದಂಡೆಗೋ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೋ ಇನ್ನೊಂದೆರಡು ಮನೆಯವರನ್ನು ಕರೆದುಕೊಂಡು ಹೋಗುತ್ತೇವೆ. ಚಳಿಗಾಲದಲ್ಲಿ ಒಮ್ಮೆ ಮುಂಡಗೋಡ ಹತ್ತಿರದ ಅತ್ತಿವೇರಿ ಪಕ್ಷಿಧಾಮ.

ಕಲಿತದ್ದಕ್ಕೆ ದಾಖಲೆ ಇಡಿ. ದಿನಕ್ಕೆ ಎರಡು ಸಾಲು ಸಾಕು: ದಿನಾಂಕ, ಓದಿದ್ದು, ಮಾಡಿದ್ದು. ತಿಂಗಳಿಗೊಮ್ಮೆ ಮಗುವಿನ ಬರಹದ ಒಂದು ಹಾಳೆಯನ್ನು ತಿದ್ದದೆ ಹಾಗೆಯೇ ಫೈಲಿಗೆ ಸೇರಿಸಿ. ಮುಂದೆ ಯಾವ ತರಗತಿಗೆ ಸೇರಿಸುವಾಗಲೂ ಮಗುವಿನ ಮಟ್ಟವನ್ನು ತೋರಿಸಲು ಅದು ನೆರವಾಗುತ್ತದೆ. ಅದೇ ಫೈಲಿನ ಹಿಂಬದಿಯಲ್ಲಿ ನಿಮ್ಮ ಕೆಲಸದ ಲೆಕ್ಕವನ್ನೂ ಬರೆಯಿರಿ. ನನ್ನದರಲ್ಲಿ ಈ ವರ್ಷ ಇಳಕಲ್ ಸೀರೆಯೊಂದರ ಸೆರಗಿಗೆ ಎರಡು ತೇರು, ಒಂದು ತುಳಸಿ ವೃಂದಾವನ, ಅರ್ಧ ಪಲ್ಲಕ್ಕಿ ಎಂದಿದೆ. ದೀಪಾವಳಿಗೊಮ್ಮೆ, ಯುಗಾದಿಗೊಮ್ಮೆ ಫೈಲನ್ನು ತೆರೆದು ಪತಿ, ಅತ್ತೆಯವರು, ಮಗಳು ಎಲ್ಲರೂ ಕೂಡಿ ಕುಳಿತು, ಯಾವ ಗೂಟ ಸರಿದಿದೆ, ಇನ್ನೊಂದು ವರ್ಷ ಹೀಗೆಯೇ ನಡೆಸಬೇಕೇ, ಶಾಲೆಗೆ ಸೇರಿಸಬೇಕೇ ಎಂದು ಮಾತಾಡುತ್ತೇವೆ. ಮಗಳ ಉತ್ತರವನ್ನು ಅವಳ ಕೈಯಿಂದಲೇ ಬರೆಸಿ, ದಿನಾಂಕ ಹಾಕಿ, ಅದರಲ್ಲೇ ಇಡುತ್ತೇವೆ.