ರಸ್ತೆಯ ಸೆಕ್ಷನ್ ಬರೆಯುವಾಗ ನೆಲದ ಕೆಳಗಿನಿಂದ ಶುರುಮಾಡಿ

ಸೆಕ್ಷನ್ ಎಂದರೆ ರಸ್ತೆಯನ್ನು ಅಡ್ಡಲಾಗಿ ಕೊಯ್ದಂತೆ, ನೆಲದ ಮೇಲಿನದನ್ನೂ ಕೆಳಗಿನದನ್ನೂ ತೋರಿಸುವ ಚಿತ್ರ. ಮನೆ, ಮರ, ದೀಪದ ಕಂಬ ಎಲ್ಲವನ್ನೂ ಚೆಂದವಾಗಿ ಬರೆದು, ನೆಲದ ಕೆಳಗೆ ಒಂದೇ ಕಂದು ಬಣ್ಣ ಬಳಿದು, ಪೈಪುಗಳೆಂದು ಅಲ್ಲಲ್ಲಿ ನಾಲ್ಕು ವೃತ್ತ ಇಟ್ಟ ಸೆಕ್ಷನ್‌ಗಳೇ ಹೆಚ್ಚು. ನೋಡಲು ಸೊಗಸು, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ಕಾರವಾರದಲ್ಲಿ ಕಡಲಿಗೆ ಹತ್ತಿರದ, 9 ಮೀಟರ್ ಅಗಲದ ಒಳರಸ್ತೆಯೊಂದನ್ನು ಬರೆಯುವುದು ಹೇಗೆಂದು ನೋಡೋಣ.

ಸ್ಕೇಲ್ 1:50 ಇರಲಿ. ರಸ್ತೆ ಕಾಗದದ ಮೇಲೆ 18 ಸೆಂಟಿಮೀಟರ್ ಆಗುತ್ತದೆ, 3 ಮೀಟರ್ ಆಳ 6 ಸೆಂಟಿಮೀಟರ್. ಪೈಪು ಕಾಣಿಸಲೆಂದು ಆಳವನ್ನು ಮಾತ್ರ ಹಿಗ್ಗಿಸಬೇಡಿ. 200 ಮಿಲಿಮೀಟರ್ ಒಳಚರಂಡಿ ಪೈಪು 4 ಮಿಲಿಮೀಟರ್ ವೃತ್ತವಾಗಿಯೇ ಉಳಿಯಲಿ.

ಮುಂದೆ ಮಣ್ಣು. ಇದಕ್ಕೆ ಹೆಚ್ಚು ಹೊತ್ತು ಕೊಡಿ. ಕಡಲ ಬದಿಯಲ್ಲಿ ಮರಳು, ಶಿರಸಿಯ ಕಡೆ ಹೋದರೆ ಚಿರೆಕಲ್ಲು, ಅಂದರೆ ಜಂಬಿಟ್ಟಿಗೆ. ಚಿರೆಕಲ್ಲಿನಲ್ಲಿ ಪೈಪಿಗೆ ತೋಡಿದ ಕಾಲುವೆಯ ಗೋಡೆ ನೆಟ್ಟಗೆ ನಿಲ್ಲುತ್ತದೆ, ಮರಳಿನಲ್ಲಿ ಕುಸಿಯುತ್ತದೆ. ಆದ್ದರಿಂದ ಆಸರೆಯಿಲ್ಲದೆ ತೋಡುವ ಕಾಲುವೆಯನ್ನು ಮರಳಿನಲ್ಲಿ ಮೇಲೆ ಅಗಲ, ಕೆಳಗೆ ಕಿರಿದು ಮಾಡಿ ಬರೆಯಬೇಕು. ಪೈಪು ಇಟ್ಟ ಮೇಲೆ ಕಾಲುವೆಗೆ ಮತ್ತೆ ತುಂಬಿದ ಮಣ್ಣಿಗೆ ಬೇರೆ ಚುಕ್ಕಿ ಕೊಡಿ. ಅಕ್ಕಪಕ್ಕದ ಬಾವಿಯಲ್ಲಿ ಮೇ ತಿಂಗಳಲ್ಲೂ ಜುಲೈಯಲ್ಲೂ ನೀರು ಎಲ್ಲಿ ನಿಲ್ಲುತ್ತದೆಂದು ಮನೆಯವರನ್ನು ಕೇಳಿ, ಆ ಎರಡು ಮಟ್ಟಗಳನ್ನು ತುಂಡುಗೆರೆಯಲ್ಲಿ ಎಳೆಯಿರಿ. ಜುಲೈ ಗೆರೆಯ ಕೆಳಗೆ ಬರುವ ಪೈಪಿನ ಜೋಡಣೆ ಸಡಿಲವಿದ್ದರೆ ಅಂತರ್ಜಲ ಒಳಗೆ ನುಗ್ಗುತ್ತದೆ. ಕರಾವಳಿಯ ಸೆಕ್ಷನ್‌ನಲ್ಲಿ ಈ ಗೆರೆ ಇಲ್ಲದಿದ್ದರೆ ಮುಖ್ಯ ವಿಷಯವೇ ಬಿಟ್ಟುಹೋದಂತೆ.

ಈಗ ಪೈಪುಗಳು. ಮೊದಲು ಒಳಚರಂಡಿ, ಏಕೆಂದರೆ ಅದು ಇಳಿಜಾರಿನಲ್ಲೇ ಹರಿಯಬೇಕು; ತನ್ನ ಮಟ್ಟ ಬಿಟ್ಟುಕೊಡಲಾರದು. ಮುಂದೆ ಸಾಗಿದಂತೆ ಆಳವಾಗುತ್ತದೆ, ಹಾಗಾಗಿ ನೀವು ಕೊಯ್ದ ಜಾಗದಲ್ಲಿ ಪೈಪಿನ ಒಳತಳದ (ಒಳಗೆ ನೀರು ಹರಿಯುವ ತಳದ) ಮಟ್ಟವನ್ನು ಪಕ್ಕದಲ್ಲೇ ಬರೆಯಿರಿ. ಕುಡಿಯುವ ನೀರಿನ ಪೈಪು ಒತ್ತಡದಲ್ಲಿ ಸಾಗುವುದರಿಂದ ಏರುತಗ್ಗಿಗೆ ಹೊಂದಿಕೊಳ್ಳುತ್ತದೆ. ಅದನ್ನು ರಸ್ತೆಯ ಇನ್ನೊಂದು ಮಗ್ಗುಲಿಗೆ, ಮೇಲ್ಮಟ್ಟದಲ್ಲಿ, ಸುಮಾರು ಒಂದು ಮೀಟರ್ ಆಳದಲ್ಲಿ ಇಡಿ. ಒಳಚರಂಡಿಯಿಂದ 3 ಮೀಟರ್ ಅಂತರ, ಅಡ್ಡ ಹಾಯುವಲ್ಲಿ ಕನಿಷ್ಠ ಅರ್ಧ ಮೀಟರ್ ಮೇಲೆ ಇರಬೇಕೆಂಬುದು ರೂಢಿಯ ನಿಯಮ. ಇಕ್ಕಟ್ಟಿನ ಓಣಿಯಲ್ಲಿ ಅಷ್ಟು ಜಾಗ ಸಿಗದಿದ್ದರೆ ಅದನ್ನು ಮುಚ್ಚಿಡದೆ ಚಿತ್ರದಲ್ಲೇ ತೋರಿಸಿ. ಸೆಕ್ಷನ್ ಬರೆಯುವುದೇ ಅದಕ್ಕೆ.

ವಿದ್ಯುತ್ ಕೇಬಲ್ ಫುಟ್‌ಪಾತಿನ ಕೆಳಗೆ, ಸುತ್ತ ಮರಳು, ಮೇಲೆ ಕಾಪಿನ ಇಟ್ಟಿಗೆ. 11 ಕೆವಿ (11 ಸಾವಿರ ವೋಲ್ಟ್) ಕೇಬಲ್‌ಗೆ 0.9 ಮೀಟರ್ ಆಳವಾದರೂ ಬೇಕು. ಗಟಾರ ರಸ್ತೆಯ ಅಂಚಿಗೆ, ಚಪ್ಪಡಿಯ ದಪ್ಪದೊಂದಿಗೆ. ಇನ್ನು ಮರ: ಬೇರುಗಳನ್ನು ಕೊಂಬೆಗಳ ತಲೆಕೆಳಗಾದ ಪ್ರತಿಬಿಂಬದಂತೆ ಬರೆಯುವ ಚಟ ಬಿಡಿ. ಹೆಚ್ಚಿನ ಬೇರುಗಳು ಮೇಲಿನ ಒಂದು ಮೀಟರ್‌ನಲ್ಲೇ, ನೆರಳಿನಾಚೆಗೂ ಹರಡಿರುತ್ತವೆ. ಅಂದರೆ ಕೇಬಲ್ ಇರುವ ಮಟ್ಟದಲ್ಲೇ.

ಕೊನೆಗೆ ಗೆರೆ, ಬಣ್ಣ. ಕೊಯ್ದ ನೆಲದ ಅಂಚು ಎಲ್ಲಕ್ಕಿಂತ ದಪ್ಪ. ರಸ್ತೆಯುದ್ದಕ್ಕೆ ಸಾಗುವ ಪೈಪು ವೃತ್ತ, ಮನೆಗೆ ಅಡ್ಡ ಹೋಗುವ ಸಂಪರ್ಕ ಜೋಡಿಗೆರೆ. ನೀರಿಗೆ ನೀಲಿ, ಒಳಚರಂಡಿಗೆ ಹಸಿರು, ವಿದ್ಯುತ್ತಿಗೆ ಕೆಂಪು ಸಾಕು. ಮಣ್ಣಿನ ಬಣ್ಣ ಮಾಸಲಾಗಿದ್ದರೆ ಇವು ತಾವೇ ಎದ್ದು ಕಾಣುತ್ತವೆ. ಅಳೆದು ಖಚಿತಪಡಿಸಿಕೊಂಡ ಪೈಪಿಗೆ ತುಂಬುಗೆರೆ, ಹಳೆಯ ನಕ್ಷೆಯಿಂದ ಅಂದಾಜಿಸಿದ್ದಕ್ಕೆ ತುಂಡುಗೆರೆ ಬಳಸಿ. ಈ ವ್ಯತ್ಯಾಸವನ್ನು ನಿಮ್ಮ ಚಿತ್ರದ ಮೂಲೆಯಲ್ಲಿ ಬರೆದಿಡಿ. ಅಗೆಯಲು ಬರುವವರು ಮೊದಲು ಹುಡುಕುವುದು ಅದನ್ನೇ.