ಫೆಬ್ರವರಿಯ ಗುಲಾಬಿಗೆ ಡಿಸೆಂಬರ್‌ನಲ್ಲೇ ಕತ್ತರಿ: ರಫ್ತಿಗೆ ಹೂ ಬೆಳೆಯುವವರಿಗೊಂದು ಕೈಪಿಡಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಸುತ್ತಮುತ್ತ ಮತ್ತು ಗಡಿಯಾಚೆಗಿನ ಹೊಸೂರಿನ ಪಾಲಿಹೌಸ್‌ಗಳಲ್ಲಿ ಬೆಳೆಯುವ ಗುಲಾಬಿಗೆ ರಫ್ತಿನ ನಿಜವಾದ ಸುಗ್ಗಿ ವರ್ಷಕ್ಕೆ ಸುಮಾರು ಮೂರೇ ವಾರ. ಜನವರಿಯ ಕೊನೆಯ ವಾರದಲ್ಲಿ ಆರಂಭವಾಗುವ ಅದು ಫೆಬ್ರವರಿ ಹತ್ತರ ಹೊತ್ತಿಗೆ ಮುಗಿದುಹೋಗುತ್ತದೆ. ಪ್ರೇಮಿಗಳ ದಿನಕ್ಕೆ ತಲುಪಬೇಕಾದ ಹೂವು ಐದು ದಿನ ತಡವಾಗಿ ಅರಳಿದರೆ, ಗುಣದಲ್ಲಿ ಎಷ್ಟೇ ಚೆನ್ನಾಗಿದ್ದರೂ ಅದು ಊರಿನ ಮಾರುಕಟ್ಟೆಗೇ ಹೋಗಬೇಕು. ಹೀಗಾಗಿ ರಫ್ತು ಗುಲಾಬಿಯ ಕೆಲಸವನ್ನು ಹಬ್ಬದ ದಿನದಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಪಾಲಿಹೌಸ್ ಕಟ್ಟಿ, ಗಿಡ ಬೆಳೆಸಿ, ಮೊದಲ ಬಾರಿಗೆ ಹೊರದೇಶಕ್ಕೆ ಹೂ ಕಳುಹಿಸಲು ಹೊರಟಿರುವ ಬೆಳೆಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಎಣಿಕೆ ಹೀಗೆ. ಹೊರದೇಶದ ಸಗಟು ವ್ಯಾಪಾರಿಗೆ ಹೂವು ಫೆಬ್ರವರಿ 14ಕ್ಕಿಂತ ನಾಲ್ಕೈದು ದಿನ ಮೊದಲೇ ಕೈಸೇರಬೇಕು. ಗ್ರೇಡಿಂಗ್, ಸಸ್ಯ ಸಂಗರೋಧದ (ಹೂವಿನಲ್ಲಿ ರೋಗ, ಕೀಟ ಇಲ್ಲವೆಂದು ನೋಡುವ) ತಪಾಸಣೆ ಮತ್ತು ವಿಮಾನಯಾನಕ್ಕೆ ಎರಡರಿಂದ ಮೂರು ದಿನ ಹಿಡಿಯುತ್ತದೆ. ಬೆಂಗಳೂರಿನ ಸುತ್ತಲಿನ ಚಳಿಗಾಲದಲ್ಲಿ ತಾಜ್‌ಮಹಲ್‌ನಂತಹ ಕೆಂಪು ತಳಿ ಕತ್ತರಿಸಿದ ದಿನದಿಂದ ಕೊಯ್ಲಿಗೆ ಬರಲು 45ರಿಂದ 50 ದಿನ ಬೇಕು. ಜನವರಿಯ ಕೊನೆಯ ವಾರದಿಂದಲೇ ಹೂವು ಹೊರಡಬೇಕೆಂದು ಇಟ್ಟುಕೊಂಡು ಇವೆಲ್ಲವನ್ನೂ ಕಳೆದರೆ ಗಿಡಕ್ಕೆ ಕತ್ತರಿ ಹಾಕುವ ಕಾಲ ಡಿಸೆಂಬರ್ 5ರಿಂದ 22ರ ಒಳಗೆ ಬೀಳುತ್ತದೆ. ಇಡೀ ಎಕರೆಯನ್ನು ಒಂದೇ ದಿನ ಕತ್ತರಿಸಬಾರದು. ಬೆಡ್‌ಗಳನ್ನು ನಾಲ್ಕು ಪಾಲು ಮಾಡಿ, ನಾಲ್ಕೈದು ದಿನಗಳ ಅಂತರದಲ್ಲಿ ಕತ್ತರಿಸಿದರೆ ಮೋಡ ಮುಚ್ಚಿಕೊಂಡ ವರ್ಷವೂ ಒಂದೆರಡು ಪಾಲಾದರೂ ಸರಿಯಾದ ದಿನಕ್ಕೆ ಬರುತ್ತದೆ, ಜೊತೆಗೆ ಪ್ಯಾಕಿಂಗ್ ಮನೆಯಲ್ಲಿ ಕೆಲಸದವರ ಮೇಲೆ ಒಮ್ಮೆಲೇ ಹೊರೆ ಬೀಳುವುದಿಲ್ಲ.

ಕತ್ತರಿಸುವ ಮೊದಲು ಗಿಡದಲ್ಲಿ ಶಕ್ತಿ ಇರಬೇಕು. ಅಕ್ಟೋಬರ್, ನವೆಂಬರ್‌ನಲ್ಲಿ ಬರುವ ಸಣಕಲು ಕಡ್ಡಿಗಳನ್ನೂ ಮೊಗ್ಗು ಕಟ್ಟದ ಕುರುಡು ಚಿಗುರುಗಳನ್ನೂ ಕತ್ತರಿಸಿ ಎಸೆಯದೆ, ಬುಡದಲ್ಲಿ ಮೆಲ್ಲಗೆ ಬಾಗಿಸಿ ದಾರಿಯ ಕಡೆಗೆ ಮಲಗಿಸಬೇಕು. ಹಾಗೆ ಮಲಗಿದ ಎಲೆಗಳೇ ಗಿಡಕ್ಕೆ ಅನ್ನ ಬೇಯಿಸುವ ಒಲೆ. ಡಿಸೆಂಬರ್‌ನಲ್ಲಿ ಪೆನ್ಸಿಲ್ ಗಾತ್ರದ ಕಡ್ಡಿಯನ್ನು ಆರಿಸಿ, ಐದು ಎಲೆಗಳಿರುವ ಗರಿಯ ಕಂಕುಳಲ್ಲಿ ಹೊರಮುಖವಾಗಿರುವ ಕಣ್ಣನ್ನು ಗುರುತಿಸಿ, ಅದರ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಬೇಕು. ಮೂರೆಲೆಯ ಗರಿಯ ಮೇಲೆ ಕತ್ತರಿಸಿದರೆ ಬರುವ ಕಡ್ಡಿ ಗಿಡ್ಡದು, ಒಳಮುಖದ ಕಣ್ಣಿಗೆ ಕತ್ತರಿಸಿದರೆ ಚಿಗುರು ಗಿಡದ ಒಡಲಿಗೇ ನುಗ್ಗಿ ಸೊಟ್ಟಗಾಗುತ್ತದೆ. ಎಕರೆಗೆ 24ರಿಂದ 28 ಸಾವಿರ ಗಿಡಗಳಿರುತ್ತವೆ. ಖರೀದಿದಾರನಿಗೆ ಮಾತು ಕೊಡುವಾಗ ಗಿಡಕ್ಕೆ ಒಂದು ಒಳ್ಳೆಯ ಕಡ್ಡಿಗಿಂತ ಹೆಚ್ಚು ಲೆಕ್ಕ ಹಿಡಿಯಬೇಡಿ, ಉಳಿದದ್ದನ್ನು ಇಲ್ಲೇ ಮಾರಬಹುದು.

ನೀರಿನ ಮಾತನ್ನೂ ಇಲ್ಲೇ ಹೇಳಬೇಕು. ಸಾವಿರ ಅಡಿ ಕೊರೆದ ಬೋರ್‌ವೆಲ್‌ನ ಗಡಸು ನೀರನ್ನು ನಂಬಿ ಗುಲಾಬಿ ಬೆಳೆಯುವುದು ನನ್ನ ದೃಷ್ಟಿಯಲ್ಲಿ ತಪ್ಪು, ಏಕೆಂದರೆ ಅದರ ಉಪ್ಪು ಬೇರಿನ ಬಳಿಯೇ ಕೂಡಿಕೊಳ್ಳುತ್ತಾ ಹೋಗುತ್ತದೆ. ಒಂದು ಎಕರೆ ಪಾಲಿಹೌಸ್‌ನ ಚಾವಣಿ ಸುಮಾರು 4,000 ಚದರ ಮೀಟರ್. ವರ್ಷಕ್ಕೆ 800 ಮಿಲಿಮೀಟರ್ ಮಳೆ ಸುರಿದರೆ ಆ ಚಾವಣಿಯಿಂದ ಇಳಿಯುವ ನೀರು 32 ಲಕ್ಷ ಲೀಟರ್. ಸೋರಿದ್ದು, ಆವಿಯಾದದ್ದು ಕಳೆದು 25 ಲಕ್ಷ ಉಳಿದರೂ, ದಿನಕ್ಕೆ 20 ಸಾವಿರ ಲೀಟರ್‌ನಂತೆ ನಾಲ್ಕು ತಿಂಗಳು ಡ್ರಿಪ್ ನಡೆಸಬಹುದು, ಬೋರ್‌ವೆಲ್ ನೀರಿನೊಂದಿಗೆ ಸಮಪಾಲು ಬೆರೆಸಿದರೆ ಎಂಟು ತಿಂಗಳು ಬರುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಗೆ ತುಂಬಿದ ಹೊಂಡ ಡಿಸೆಂಬರ್‌ನಲ್ಲಿ ಹೊಸ ಚಿಗುರು ಹೊರಡುವ ಹೊತ್ತಿಗೆ ಸರಿಯಾಗಿ ಕೈಗೆ ಸಿಗುತ್ತದೆ.

ಡಿಸೆಂಬರ್‌ನ ಮಂಜಿನ ಬೆಳಗುಗಳಲ್ಲಿ ಎಲೆಯ ಮೇಲೆ ನೀರು ನಿಂತಿತೆಂದರೆ ಡೌನಿ ರೋಗ ಎರಡು ಮೂರು ದಿನಗಳಲ್ಲೇ ಬೆಡ್ಡಿಗೆ ಬೆಡ್ಡನ್ನೇ ಬೋಳು ಮಾಡುತ್ತದೆ. ಎಳೆಯ ಎಲೆಗಳಲ್ಲಿ ನೇರಳೆ ಬಣ್ಣದ ಕಲೆ ಕಂಡು, ಮುಟ್ಟಿದರೆ ಎಲೆ ಉದುರಿದರೆ ಅದೇ ಎಂದು ತಿಳಿಯಬೇಕು. ಸೂರ್ಯ ಮೇಲೇರಿದ ಕೂಡಲೇ ಪಕ್ಕದ ಪರದೆಗಳನ್ನು ಎತ್ತಿ ಒಳಗಿನ ತೇವವನ್ನು ಹೊರಹಾಕುವುದು, ಸಂಜೆ ನೀರು ಬಿಡದಿರುವುದು, ಔಷಧಿಯನ್ನು ರೋಗ ಬರುವ ಮೊದಲೇ ಸಿಂಪಡಿಸುವುದು, ಈ ಮೂರನ್ನೂ ತಪ್ಪದೆ ಮಾಡಬೇಕು. ಚಿಗುರು ದಿನಾಂಕಕ್ಕಿಂತ ಹಿಂದೆ ಬಿದ್ದಿದ್ದರೆ ಮಧ್ಯಾಹ್ನ ಮೂರರ ಸುಮಾರಿಗೇ ಪರದೆ ಇಳಿಸಿ ಬಿಸಿಲಿನ ಕಾವನ್ನು ಒಳಗೇ ಹಿಡಿದಿಡಬಹುದು, ಆದರೆ ಆಗ ಡೌನಿಯ ಮೇಲೆ ಇಮ್ಮಡಿ ಕಣ್ಣಿಡಬೇಕು.

ಜನವರಿಯಲ್ಲಿ ಬಿಸಿಲು ಬಲಿತಂತೆ ಥ್ರಿಪ್ಸ್ ಎಂಬ ಹುಳು ಬರುತ್ತದೆ. ಬಿಳಿ ಕಾಗದವನ್ನು ಮೊಗ್ಗಿನ ಕೆಳಗೆ ಹಿಡಿದು ಎರಡು ಬಾರಿ ಬೆರಳಿನಿಂದ ತಟ್ಟಿ ನೋಡಿ. ಎಳ್ಳಿಗಿಂತ ಸಣ್ಣಗಿನ, ಗೆರೆಯಂತಹ ಹುಳು ಕಾಗದದ ಮೇಲೆ ಓಡಿದರೆ ಆ ಬೆಡ್ಡಿನ ಹೂವು ಆ ವಾರ ರಫ್ತಿಗೆ ಹೋಗಕೂಡದು. ಜಪಾನ್, ಆಸ್ಟ್ರೇಲಿಯಾದಂತಹ ದೇಶಗಳಲ್ಲಿ ಜೀವಂತ ಹುಳು ಸಿಕ್ಕರೆ ಇಡೀ ಸರಕಿಗೆ ಧೂಮ ಹಾಕುತ್ತಾರೆ ಇಲ್ಲವೇ ನಾಶಪಡಿಸುತ್ತಾರೆ, ಖರ್ಚು ನಮ್ಮ ತಲೆಗೇ ಬರುತ್ತದೆ. ಪಕ್ಕದ ಮೊಗ್ಗುಗಳನ್ನು ಬಟಾಣಿ ಗಾತ್ರಕ್ಕೆ ಬರುವ ಮೊದಲೇ ಚಿವುಟಿ, ನಡುವಿನ ಮೊಗ್ಗು ಬಣ್ಣ ತೋರುವ ಮುನ್ನ ಅದಕ್ಕೆ ಬಡ್ ಕ್ಯಾಪ್ ಎಂಬ ಬಲೆಯ ಟೊಪ್ಪಿ ತೊಡಿಸಬೇಕು. ಬಲೆಯೊಳಗೆ ಬೆಳೆದ ಮೊಗ್ಗು ಬೇಗ ಬಿಚ್ಚಿಕೊಳ್ಳದೆ ಉದ್ದವಾಗಿ ತುಂಬಿಕೊಳ್ಳುತ್ತದೆ.

ಇನ್ನು ಕೊಯ್ಲು. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಇಲ್ಲಿ, ಏಕೆಂದರೆ ಎರಡು ತಿಂಗಳು ಸಾಕಿದ ಹೂವನ್ನು ಎರಡು ಗಂಟೆಯ ಉದಾಸೀನ ಕೆಡಿಸಬಲ್ಲದು. ಹಸಿರು ಪುಷ್ಪಪತ್ರಗಳು ಮೊಗ್ಗಿನಿಂದ ಬಿಟ್ಟು ಕೆಳಗೆ ಬಾಗಿರಬೇಕು, ಹೊರಗಿನ ಒಂದು ದಳ ತುದಿಯಲ್ಲಿ ಸಡಿಲಗೊಳ್ಳುತ್ತಿರಬೇಕು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೊಗ್ಗನ್ನು ಮೆತ್ತಗೆ ಒತ್ತಿದಾಗ ಹಸಿ ನೆಲ್ಲಿಕಾಯಿಯಂತೆ ಕಲ್ಲಾಗಿದ್ದರೆ ಅದು ಹೂದಾನಿಯಲ್ಲಿ ಅರಳದೆಯೇ ಕತ್ತು ಬಾಗಿಸುತ್ತದೆ, ಸ್ವಲ್ಪವೇ ಒಳಗೆ ತಗ್ಗಿ ಮತ್ತೆ ಎದ್ದರೆ ಕತ್ತರಿಸಲು ಸರಿ. ಬೆಳಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ಇಳಿಬಿಸಿಲಿನಲ್ಲಿ ಮಾತ್ರ ಕತ್ತರಿಸಿ, ಸಾಲಿನಲ್ಲೇ ಇಟ್ಟಿರುವ ಬಕೆಟ್ಟಿನ ನೀರಿಗೆ ತಕ್ಷಣ ಇಳಿಸಬೇಕು. ಆ ನೀರಿಗೆ ಸಿಟ್ರಿಕ್ ಆಮ್ಲ ಹಾಕಿ ಪಿಎಚ್ ಅನ್ನು 3.5ರಿಂದ 4.5ರ ನಡುವೆ ಇಟ್ಟು, ಬ್ಯಾಕ್ಟೀರಿಯಾ ಬೆಳೆಯದಂತೆ ಅಲ್ಯೂಮಿನಿಯಂ ಸಲ್ಫೇಟ್ ಬೆರೆಸಿರಬೇಕು. ಬಕೆಟ್ಟುಗಳು ಊಟದ ತಟ್ಟೆಯಷ್ಟೇ ಶುಚಿಯಾಗಿರಲಿ. ಅರ್ಧ ಗಂಟೆಯೊಳಗೆ ಹೂವು 2ರಿಂದ 4 ಡಿಗ್ರಿಯ ಕೋಲ್ಡ್ ರೂಮ್ ಸೇರಿ, ಅಲ್ಲಿ ಕನಿಷ್ಠ ನಾಲ್ಕು ಗಂಟೆ ನೀರು ಕುಡಿಯಬೇಕು.

ನನ್ನ ಮೊದಲ ಸುಗ್ಗಿಯಲ್ಲಿ ಒಂದು ಸಂಜೆ ಕರೆಂಟು ಹೋಗಿ, ಜನರೇಟರ್‌ಗೆ ಡೀಸೆಲ್ ತರಿಸಿಟ್ಟಿರಲಿಲ್ಲವಾದ್ದರಿಂದ ತಣಿದಿದ್ದ ಹೂವು ಮೂರು ಗಂಟೆ ತಂಪಿಲ್ಲದೆ ಉಳಿಯಿತು. ನೋಡಲು ಏನೂ ಆಗಿರಲಿಲ್ಲ. ಕರೆಂಟು ಬಂದ ಮೇಲೆ ಮತ್ತೆ ತಣಿಸಿ ಕಳುಹಿಸಿದೆ. ಆರನೆಯ ದಿನ ಬಂದ ಫೋಟೋಗಳಲ್ಲಿ ದಳಗಳ ಅಂಚಿನಲ್ಲಿ ಕಂದು ಚುಕ್ಕೆ, ಅದರ ಮೇಲೆ ಬೂದು ಬಣ್ಣದ ಬೂಷ್ಟು ಕಾಣುತ್ತಿತ್ತು. ತಪ್ಪು ಪೂರ್ತಿ ನನ್ನದೇ. ತಣ್ಣಗಿರುವ ಹೂವು ಬೆಚ್ಚಗಿನ ಗಾಳಿಗೆ ಬಂದಾಗಲೆಲ್ಲ ದಳಗಳ ನಡುವೆ ಬೆವರು ಕೂಡುತ್ತದೆ, ಆ ಹನಿಯಲ್ಲೇ ಬೊಟ್ರೈಟಿಸ್ ಎಂಬ ಈ ಬೂಷ್ಟು ಮೊಳೆಯುತ್ತದೆ. ಆದ್ದರಿಂದ ಒಮ್ಮೆ ತಣಿದ ಹೂವನ್ನು ಮತ್ತೆ ಬೆಚ್ಚಗಾಗಲು ಬಿಡಕೂಡದು. ಗ್ರೇಡಿಂಗ್ ಕೋಣೆಯೂ ತಂಪಾಗಿರಬೇಕು, ಲಾರಿಯೂ ತಂಪಿನ ಲಾರಿಯೇ ಆಗಬೇಕು.

ಗ್ರೇಡಿಂಗ್ ಕಡ್ಡಿಯ ಉದ್ದದ ಮೇಲೆ ನಡೆಯುತ್ತದೆ: 40, 50, 60, 70 ಸೆಂಟಿಮೀಟರ್, ಹೀಗೆ. ಕೆಳಗಿನ ಮೂರನೇ ಒಂದು ಭಾಗದ ಎಲೆ, ಮುಳ್ಳುಗಳನ್ನು ತೊಗಟೆ ಕೀಳದಂತೆ ತೆಗೆದು, ಮೊಗ್ಗುಗಳನ್ನು ಸಮಮಟ್ಟಕ್ಕೆ ಜೋಡಿಸಿ, 20 ಕಡ್ಡಿಗಳ ಬಂಚಿಗೆ ರಟ್ಟು ಸುತ್ತಬೇಕು. ಆಸ್ಟ್ರೇಲಿಯಾಕ್ಕೆ ಹೋಗುವ ಗುಲಾಬಿಗೆ ಮತ್ತೊಂದು ಕೆಲಸವಿದೆ. ಅಲ್ಲಿ ಯಾರೂ ಕಡ್ಡಿ ನೆಟ್ಟು ಗಿಡ ಮಾಡಬಾರದೆಂದು, ಕಡ್ಡಿಗಳನ್ನು ಗ್ಲೈಫೋಸೇಟ್ ದ್ರಾವಣದಲ್ಲಿ ಅದ್ದಿ ಚಿಗುರುವ ಶಕ್ತಿಯನ್ನು ಕೊಂದೇ ಕಳುಹಿಸಬೇಕು. ದ್ರಾವಣ ಮೊಗ್ಗಿಗೆ ತಾಗದಂತೆ ಈ ಕೆಲಸವನ್ನು ಪಳಗಿದ ಕೈಗಳಿಗೇ ಒಪ್ಪಿಸಿ.

ಕಾಗದಪತ್ರಗಳಲ್ಲಿ ಆಮದು–ರಫ್ತು ಕೋಡ್, ಅಪೆಡಾ (ಕೃಷಿ ಉತ್ಪನ್ನಗಳ ರಫ್ತನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಮತ್ತು ಪ್ರತಿ ಸರಕಿಗೂ ಸಸ್ಯ ಸಂಗರೋಧ ಕೇಂದ್ರದ ಆರೋಗ್ಯ ಪ್ರಮಾಣಪತ್ರ ಬೇಕು. ಮೊದಲೆರಡನ್ನು ಮಳೆಗಾಲದಲ್ಲೇ ಮುಗಿಸಿಕೊಂಡರೆ ಒಳ್ಳೆಯದು. ವ್ಯಾಪಾರದಲ್ಲಿ, ಹೊಸಬರು ಮಾರಿದ ಮೇಲೆ ಲೆಕ್ಕ ಎನ್ನುವ ಒಪ್ಪಂದಕ್ಕೆ ಕೈಹಾಕದೆ, ಕಡ್ಡಿಗಿಷ್ಟು ಎಂದು ಬೆಲೆ ಗೊತ್ತುಮಾಡಿ ಸ್ವಲ್ಪ ಮುಂಗಡ ಪಡೆಯುವುದು ಲೇಸೆಂದು ನನ್ನ ಅಭಿಪ್ರಾಯ. ಬೆಂಗಳೂರಿನ ಹೆಬ್ಬಾಳದ ಅಂತರರಾಷ್ಟ್ರೀಯ ಪುಷ್ಪ ಹರಾಜು ಕೇಂದ್ರದ ದಿನದ ದರವನ್ನು ತಿಳಿದುಕೊಂಡು ಮಾತಿಗೆ ಕುಳಿತರೆ ಯಾವ ಬೆಲೆಗೆ ಒಪ್ಪಬಾರದು ಎನ್ನುವುದು ಸ್ಪಷ್ಟವಿರುತ್ತದೆ.

ಕೊನೆಯದಾಗಿ, ಕಳುಹಿಸುವ ಪ್ರತಿ ಸರಕಿನಿಂದಲೂ ಒಂದು ಬಂಚನ್ನು ತೆಗೆದಿಟ್ಟುಕೊಳ್ಳಿ. ಅದೇ ಡಬ್ಬಿಯಲ್ಲಿ, ನೀರಿಲ್ಲದೆ, ಪ್ರಯಾಣಕ್ಕೆ ಹಿಡಿಯುವಷ್ಟು ದಿನ ಕೋಲ್ಡ್ ರೂಮಿನಲ್ಲಿಟ್ಟು, ಆಮೇಲೆ ಕಡ್ಡಿಯ ತುದಿಯನ್ನು ಎರಡು ಸೆಂಟಿಮೀಟರ್ ಕತ್ತರಿಸಿ, ನೀರು ತುಂಬಿದ ಹೂದಾನಿಯಲ್ಲಿ ಕಚೇರಿಯ ಮೇಜಿನ ಮೇಲೆ ನಿಲ್ಲಿಸಿ. ಯಾವ ಬೆಡ್ಡು, ಎಂದು ಕತ್ತರಿ ಬಿತ್ತು, ಎಂದು ಕೊಯ್ಲಾಯಿತು ಎಂಬುದನ್ನು ಚೀಟಿಯಲ್ಲಿ ಬರೆದು ಕಟ್ಟಿ, ದಿನಕ್ಕೊಂದು ಫೋಟೋ ತೆಗೆಯಿರಿ. ದೂರು ಬಂದಾಗ ಉತ್ತರ ಕೊಡಲು ಈ ಫೋಟೋಗಳು ಬೇಕು, ಮುಂದಿನ ಡಿಸೆಂಬರ್‌ನಲ್ಲಿ ಯಾವ ಬೆಡ್ಡಿಗೆ ಮೊದಲು ಕತ್ತರಿ ಹಾಕಬೇಕೆಂದು ಗೊತ್ತುಮಾಡಲು ಆ ಚೀಟಿಗಳು ಬೇಕು.